ಟಿಕೆಟ್ಟಿನ ಚಿಲ್ಲರೆ, ಕೂಸಿನ ಗುಳಿಗೆ

ಪ್ಯಾರಿಸ್‌ನಲ್ಲಿ ವಿಮಾನ ಹತ್ತುವವರ ಟಿಕೆಟ್ಟಿನಲ್ಲಿ, ಹತ್ತಾರು ತೆರಿಗೆಗಳ ನಡುವೆ, ಯಾರೂ ಗಮನಿಸದ ಚಿಕ್ಕ ಮೊತ್ತವೊಂದು ಅಡಗಿರುತ್ತದೆ. ಫ್ರಾನ್ಸ್ 2006ರ ಜುಲೈನಲ್ಲಿ ಇದನ್ನು ಶುರುಮಾಡಿದಾಗ ಯುರೋಪಿನೊಳಗಿನ ಸಾಮಾನ್ಯ ದರ್ಜೆಗೆ 1 ಯೂರೊ, ದೂರದೇಶದ ಮೇಲ್ದರ್ಜೆಗೆ 40 ಯೂರೊ. ನಮ್ಮ ಸೆಸ್ ಇದ್ದಹಾಗೆ ಅನ್ನಿ. ಈ ಚಿಲ್ಲರೆಯ ದೊಡ್ಡ ಪಾಲು ಹೋದದ್ದು ಜಿನೀವಾದ ಯುನಿಟೈಡ್‌ಗೆ.

ಅದೇ ಸೆಪ್ಟೆಂಬರಿನಲ್ಲಿ ಫ್ರಾನ್ಸ್, ಬ್ರೆಜಿಲ್, ಚಿಲಿ, ನಾರ್ವೆ, ಬ್ರಿಟನ್ ಸೇರಿ ಕಟ್ಟಿದ ಸಂಸ್ಥೆಯಿದು. ಬ್ರಿಟನ್ ಟಿಕೆಟ್ಟಿಗೆ ಕೈಹಾಕದೆ ಬೊಕ್ಕಸದಿಂದಲೇ ಕೊಟ್ಟಿತು. ಏಡ್ಸ್, ಕ್ಷಯ, ಮಲೇರಿಯಾಗಳ ವಿರುದ್ಧ ದೇಶಗಳಿಗೆ ಹಣ ಕೊಡಲು 2002ರಿಂದಲೇ ಗ್ಲೋಬಲ್ ಫಂಡ್ ಇತ್ತಲ್ಲ, ಇನ್ನೊಂದೇಕೆ? ಹಣವಿದ್ದರೂ ಕೊಳ್ಳಬೇಕಾದ ಮದ್ದೇ ಅಂಗಡಿಯಲ್ಲಿಲ್ಲದಿದ್ದರೆ ಏನು ಮಾಡುವುದು? ಯುನಿಟೈಡ್ ಹಿಡಿದದ್ದು ಈ ಎಳೆಯನ್ನು.

ಮಕ್ಕಳ ಎಚ್‌ಐವಿ ಮದ್ದನ್ನೇ ನೋಡಿ. ಶ್ರೀಮಂತ ದೇಶಗಳಲ್ಲಿ ಎಚ್‌ಐವಿ ಹೊತ್ತು ಹುಟ್ಟುವ ಕೂಸುಗಳು ತೀರ ವಿರಳ. ಆಫ್ರಿಕಾದಲ್ಲಿ ಬಹಳ, ಆದರೆ ಅವರ ಹೆತ್ತವರ ಕೈಯಲ್ಲಿ ಕಾಸಿಲ್ಲ. ಹಾಗಾಗಿ ಮಕ್ಕಳ ಔಷಧದ ಉಸಾಬರಿ ಕಂಪನಿಗಳಿಗೆ ಬೇಡವಾಗಿತ್ತು. ದೊಡ್ಡವರ ಮಾತ್ರೆ ಮುರಿದು ಕೊಡಬೇಕು, ಇಲ್ಲವೇ ಸಿರಪ್ಪು ಕುಡಿಸಬೇಕು. ಲೋಪಿನಾವಿರ್–ರಿಟೊನಾವಿರ್ ಸಿರಪ್ಪಿನಲ್ಲಂತೂ ಶೇ 40ಕ್ಕೂ ಹೆಚ್ಚು ಆಲ್ಕೋಹಾಲ್, ಬಾಯಿಗಿಟ್ಟರೆ ಉಗಿಯುವಷ್ಟು ಕಹಿ. ಸಾಲದ್ದಕ್ಕೆ ಫ್ರಿಜ್ಜಿನಲ್ಲಿಡಬೇಕು. ಕರೆಂಟೇ ಇಲ್ಲದ ಹಳ್ಳಿಯ ತಾಯಿಗೆ ಈ ಸಲಹೆ ಕೊಟ್ಟವರಿಗೆ ನಗು ಬರಲಿಲ್ಲವೇ!

ಯುನಿಟೈಡ್ ಔಷಧ ತಯಾರಿಸುವುದಿಲ್ಲ. ಅದು ಮಾಡುವುದು ಗಿರಾಕಿಯನ್ನು ಹುಟ್ಟಿಸುವ ಕೆಲಸ: ಚದುರಿದ ಬೇಡಿಕೆಯನ್ನು ಒಟ್ಟುಮಾಡಿ, ತಯಾರಕರಿಗೆ ಕೈಸುಡದಂತೆ ಆರಂಭದ ವೆಚ್ಚಕ್ಕೆ ನೆರವಾಗುತ್ತದೆ. ಪೇಟೆಂಟಿನ ಗೋಡೆ ದಾಟಲು 2010ರಲ್ಲಿ ಮೆಡಿಸಿನ್ಸ್ ಪೇಟೆಂಟ್ ಪೂಲ್ ಎಂಬ ಸಂಸ್ಥೆಯನ್ನೂ ಹುಟ್ಟುಹಾಕಿತು. ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧದ ಪೇಟೆಂಟ್ ವೀವ್ ಹೆಲ್ತ್‌ಕೇರ್ ಕಂಪನಿಯದು. ಪೂಲ್ ಮೂಲಕ ಜೆನೆರಿಕ್ ತಯಾರಕರಿಗೆ ಪರವಾನಗಿ ಸಿಕ್ಕಿತು. ಅವರಲ್ಲಿ ವಿಯಾಟ್ರಿಸ್ ಮತ್ತು ಮುಂಬೈನ ಮ್ಯಾಕ್ಲಿಯೋಡ್ಸ್ ಮಕ್ಕಳ ಗುಳಿಗೆ ಮಾಡಿದವು. 2020ರ ಡಿಸೆಂಬರ್ 1ರಂದು ಬೆಲೆ ಪ್ರಕಟವಾಯಿತು: ಒಂದು ಮಗುವಿನ ವರ್ಷದ ಚಿಕಿತ್ಸೆಗೆ 400 ಡಾಲರ್‌ಗೂ ಹೆಚ್ಚು ಬೀಳುತ್ತಿದ್ದುದು 120ಕ್ಕಿಂತ ಕೆಳಗಿಳಿದಿತ್ತು. 10 ಮಿಲಿಗ್ರಾಂ ಗುಳಿಗೆಗಳು, ನೀರಿಗೆ ಹಾಕಿದರೆ ಕರಗುತ್ತವೆ, ಸ್ಟ್ರಾಬೆರಿ ರುಚಿ.

ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೆಯೇ. ಟಿಕೆಟ್ಟಿನ ಮೇಲೆ ಈ ತೆರಿಗೆ ಹಾಕಿದ್ದು ಫ್ರಾನ್ಸ್, ಚಿಲಿ, ದಕ್ಷಿಣ ಕೊರಿಯಾ ಮಾತ್ರವಲ್ಲ. ಮಾಲಿ, ನೈಜರ್, ಕ್ಯಾಮರೂನ್ ಕೂಡ ತಮ್ಮಲ್ಲಿ ವಿಮಾನ ಹತ್ತುವವರಿಂದ ಕಾಸು ಕೇಳಿದವು.