ಅನ್ನ ಕಡಿಮೆ ಮಾಡುವವರು ಓದಬೇಕಾದ ಪುಸ್ತಕಗಳು

ಅನ್ನವನ್ನು ಕಡಿಮೆ ಮಾಡಬೇಕೆಂಬ ಮಾತು ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ನಮ್ಮ ವಿದ್ಯಾರ್ಥಿನಿಲಯದ ಪಂಕ್ತಿಯಲ್ಲಿಯೇ ಒಬ್ಬ ಗೆಳೆಯನು ಅನ್ನವನ್ನು ಪಕ್ಕಕ್ಕೆ ತಳ್ಳಿ ಬರಿಯ ಪಲ್ಯ ತಿಂದು ಏಳುತ್ತಾನೆ. ಇನ್ನೊಬ್ಬನು ಅವನನ್ನು ನೋಡಿ ನಗುತ್ತಾನೆ. ಕಾರಣ ಕೇಳಿದರೆ ಇಬ್ಬರೂ ಎಲ್ಲಿಯೋ ಕೇಳಿದ ಒಂದೆರಡು ಮಾತುಗಳನ್ನು ಒಪ್ಪಿಸುತ್ತಾರೆಯೇ ಹೊರತು, ಈ ವಿಷಯದ ಒಂದು ಪುಸ್ತಕವನ್ನಾದರೂ ಪೂರ್ತಿಯಾಗಿ ಓದಿದವರಲ್ಲ. ನನಗೆ ಈ ಓದು ಅನಿವಾರ್ಯವಾಗಿ ಬಂದಿತು. ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ. ಅನ್ನ, ಮುದ್ದೆ ಕಡಿಮೆ ಮಾಡಿರೆಂದು ವೈದ್ಯರು ಹೇಳಿದರು. ಕಡಿಮೆಯೆಂದರೆ ಎಷ್ಟು, ಅದರ ಬದಲು ತಿನ್ನುವುದೇನು ಎಂಬ ಪ್ರಶ್ನೆಗಳು ನಮ್ಮ ಪಾಲಿಗೆ ಉಳಿದವು. ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿರುವರೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಂದಾಜು ಮಾಡಿರುವುದರಿಂದ, ಇದು ನಮ್ಮೊಬ್ಬರ ಮನೆಯ ಪ್ರಶ್ನೆಯಲ್ಲವೆಂದು ತಿಳಿದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಅಕ್ಕಿ, ರಾಗಿ, ಗೋಧಿ, ಆಲೂಗಡ್ಡೆ, ಬೆಲ್ಲ, ಸಕ್ಕರೆ ಇವುಗಳ ಮುಖ್ಯಾಂಶವನ್ನು ವಿಜ್ಞಾನದ ಪಠ್ಯಗಳು ಶರ್ಕರಪಿಷ್ಟವೆನ್ನುತ್ತವೆ. ಅದನ್ನು ಕಡಿಮೆ ಮಾಡಿ ಉಣ್ಣುವ ಪದ್ಧತಿಗೆ ನೂರೈವತ್ತು ವರ್ಷಗಳಿಗಿಂತ ದೀರ್ಘವಾದ ಗ್ರಂಥಪರಂಪರೆಯಿದೆ. ನಾನು ಇತಿಹಾಸದ ವಿದ್ಯಾರ್ಥಿಯಾದುದರಿಂದ ಕಾಲಾನುಕ್ರಮವಾಗಿಯೇ ಓದಿದೆ; ಇತರರಿಗೂ ಅದನ್ನೇ ಹೇಳುತ್ತೇನೆ. ಆದರೆ ಪುಸ್ತಕ ತೆರೆಯುವ ಮೊದಲು ಒಂದು ಮಾತು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗುವವರು ಔಷಧಿಯನ್ನು ಹಾಗೆಯೇ ಇಟ್ಟುಕೊಂಡು ಅನ್ನವನ್ನು ಮಾತ್ರ ಬಿಟ್ಟರೆ, ರಕ್ತದ ಸಕ್ಕರೆ ತೀರ ಇಳಿದು ಎಚ್ಚರ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳನ್ನು ತೆಗೆದುಕೊಳ್ಳುವವರು ಪಿಷ್ಟವನ್ನು ವಿಪರೀತ ಇಳಿಸಿದರೆ ರಕ್ತದಲ್ಲಿ ಆಮ್ಲ ಸೇರುವ ಅಪಾಯವಿದೆ. ಔಷಧಿಯ ಅಳತೆಯನ್ನು ಬದಲಾಯಿಸಬೇಕಾದವರು ವೈದ್ಯರು. ಯಾವ ಗ್ರಂಥಕರ್ತನೂ ಅಲ್ಲ.

ಮೊದಲು ಓದಬೇಕಾದುದು ಪುಸ್ತಕವೇ ಅಲ್ಲ, ಒಂದು ಪತ್ರ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತನು ಸ್ಥೂಲಕಾಯವನ್ನು ಕುರಿತು ಸಾರ್ವಜನಿಕರಿಗೆ ಬರೆದ ಕಿರುಹೊತ್ತಿಗೆ ಅದು. ಆತನು ವೈದ್ಯನಲ್ಲ, ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯವನು, ರಾಜಮನೆತನದ ಅಂತ್ಯಕ್ರಿಯೆಗಳನ್ನು ನಡೆಸಿಕೊಟ್ಟ ಮನೆತನದವನು. ಐದು ಅಡಿ ಐದು ಅಂಗುಲದ ಆ ಮನುಷ್ಯನು 1862ರ ಆಗಸ್ಟಿನಲ್ಲಿ 202 ಪೌಂಡು ತೂಗುತ್ತಿದ್ದನು. ಬಗ್ಗಿ ಪಾದರಕ್ಷೆಯ ದಾರ ಕಟ್ಟುವಂತಿರಲಿಲ್ಲ. ಮೆಟ್ಟಿಲಿಳಿಯುವಾಗ ಹಿಂದುಮುಂದಾಗಿ ಇಳಿಯಬೇಕಾಗುತ್ತಿತ್ತು. ದೋಣಿಗೆ ಹುಟ್ಟು ಹಾಕಿ ನೋಡಿದನು, ಹಸಿವು ಹೆಚ್ಚಿತು. ಐವತ್ತು ಸಲ ಹಬೆಯ ಸ್ನಾನ ಮಾಡಿದನು. ಆರು ಪೌಂಡು ಇಳಿಯಿತು. ಕಡೆಗೆ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯರಲ್ಲಿಗೆ ಹೋದನು. ಆ ವೈದ್ಯರು ಪ್ಯಾರಿಸಿನಲ್ಲಿ ಕ್ಲೋದ್ ಬೆರ್ನಾರ್ಡ್ ಎಂಬ ಶರೀರಶಾಸ್ತ್ರಜ್ಞರ ಉಪನ್ಯಾಸಗಳನ್ನು ಕೇಳಿ ಬಂದಿದ್ದರು. ಕಿವಿಗೆ ಔಷಧಿ ಬರೆಯುವ ಬದಲು ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಇಷ್ಟನ್ನೂ ಬಿಡು ಎಂದರು. ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು.

ಈ ಹೊತ್ತಿಗೆಯನ್ನು ನಾನು ಮೆಚ್ಚಿದ್ದು ಅದರ ಪ್ರಾಮಾಣಿಕತೆಗಾಗಿ. ಮೊದಲ ಮುದ್ರಣಗಳನ್ನು ಆತನು ಬಿಟ್ಟಿಯಾಗಿ ಹಂಚಿದನು. ತಾನು ಯಾವ ಹೊತ್ತಿನಲ್ಲಿ ಎಷ್ಟು ಔನ್ಸು ಏನು ತಿಂದೆ, ಯಾವ ತಾರೀಖಿನಲ್ಲಿ ಎಷ್ಟು ತೂಗಿದೆ ಎಂದು ಲೆಕ್ಕದ ಪುಸ್ತಕದಂತೆ ಬರೆದಿಟ್ಟಿದ್ದಾನೆ. ಒಣಗಿಸಿ ಸುಟ್ಟ ಬ್ರೆಡ್ಡಿನ ಒಂದು ತುಂಡನ್ನೂ, ಊಟದೊಡನೆ ಎರಡು ಮೂರು ಲೋಟ ದ್ರಾಕ್ಷಾರಸವನ್ನೂ ಆತನು ಬಿಟ್ಟಿರಲಿಲ್ಲವೆಂಬುದನ್ನು ಅನ್ನದ ಅಗುಳನ್ನೇ ಪಾಪವೆಂದು ತಿಳಿಯುವ ಇಂದಿನ ಭಕ್ತರು ಗಮನಿಸಬೇಕು. (ದ್ರಾಕ್ಷಾರಸವನ್ನು ನಾನು ಶಿಫಾರಸು ಮಾಡುತ್ತಿಲ್ಲ, ಅಧ್ಯಾಪಕವೃಂದ ಕ್ಷಮಿಸಬೇಕು.) ಸ್ವೀಡನ್ನಿನ ಭಾಷೆಯಲ್ಲಿ ತೂಕ ಇಳಿಸಲು ಪಥ್ಯ ಮಾಡುವುದಕ್ಕೆ ಇಂದಿಗೂ 'ಬಾಂಟ' ಎಂಬ ಕ್ರಿಯಾಪದವಿದೆ. ಒಬ್ಬನ ಹೆಸರು ಕ್ರಿಯಾಪದವಾಗುವ ಭಾಗ್ಯ ಎಷ್ಟು ಜನ ಗ್ರಂಥಕರ್ತರಿಗೆ ಲಭಿಸಿದೆ?

ಸ್ಟೆಫಾನ್ಸನ್ ಎಂಬ ಉತ್ತರಧ್ರುವ ಪ್ರದೇಶದ ಅನ್ವೇಷಕನು 1946ರಲ್ಲಿ 'ನಾಟ್ ಬೈ ಬ್ರೆಡ್ ಅಲೋನ್' ಎಂಬ ಗ್ರಂಥವನ್ನು ಬರೆದನು. ಇವನು 1928ರಿಂದ ನ್ಯೂಯಾರ್ಕಿನಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಒಂದು ವರ್ಷ ಮಾಂಸವನ್ನಲ್ಲದೆ ಬೇರೇನನ್ನೂ ತಿನ್ನದೆ ಇದ್ದವನು. ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟಾಗ ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದು, ಕೊಬ್ಬು ಸೇರಿಸಿದ ಮೇಲೆ ಚೇತರಿಸಿಕೊಂಡನು. ಕಥೆ ರೋಚಕವಾಗಿದೆ, ನಮ್ಮ ಅಡುಗೆಮನೆಗೆ ಉಪಯೋಗ ಸ್ವಲ್ಪವೇ. 1972ರಲ್ಲಿ ಎರಡು ಪುಸ್ತಕಗಳು ಬಂದವು. ಲಂಡನ್ನಿನ ಪ್ರಾಧ್ಯಾಪಕ ಜಾನ್ ಯುಡ್ಕಿನ್ ಬರೆದ 'ಪ್ಯೂರ್, ವೈಟ್ ಅಂಡ್ ಡೆಡ್ಲಿ' ಸಕ್ಕರೆಯೊಂದರ ಮೇಲಿನ ಆರೋಪಪಟ್ಟಿ. ತರ್ಕ ಅಲ್ಲಲ್ಲಿ ಸಡಿಲವಾದರೂ ಗದ್ಯ ಸೊಗಸಾಗಿದೆ. ಅಮೆರಿಕದ ವೈದ್ಯ ಅಟ್ಕಿನ್ಸ್ ಅವರ ಪುಸ್ತಕವೋ ಲಕ್ಷಗಟ್ಟಲೆ ಮಾರಾಟವಾಯಿತು. ಅದರಲ್ಲಿ ಆಶ್ವಾಸನೆ ಹೆಚ್ಚು, ಅಳತೆ ಕಡಿಮೆ. ಮರುವರ್ಷವೇ ಅಮೆರಿಕದ ವೈದ್ಯಸಂಘವು ಅದನ್ನು ಕಟುವಾಗಿ ಟೀಕಿಸಿತು. ಓದದಿದ್ದರೂ ನಷ್ಟವಿಲ್ಲ.

ಓದದಿದ್ದರೆ ನಷ್ಟವಾಗುವುದು ರಿಚರ್ಡ್ ಬರ್ನ್‌ಸ್ಟೈನ್ ಅವರ 'ಡಯಾಬಿಟಿಸ್ ಸಲ್ಯೂಷನ್' ಎಂಬ 1997ರ ಗ್ರಂಥ. ಹನ್ನೆರಡನೆಯ ವಯಸ್ಸಿನಲ್ಲಿ ಮಧುಮೇಹಕ್ಕೆ ಸಿಕ್ಕಿದ ಈತ ವೃತ್ತಿಯಿಂದ ಇಂಜಿನಿಯರು. ರಕ್ತದ ಸಕ್ಕರೆಯನ್ನು ಅಳೆಯುವ ಯಂತ್ರವೊಂದು ಬಂದಿದೆಯೆಂದು 1969ರಲ್ಲಿ ತಿಳಿಯಿತು. ಸುಮಾರು ಮೂರು ಪೌಂಡು ತೂಕ, 650 ಡಾಲರು ಬೆಲೆ. ಅದೂ ವೈದ್ಯರಿಗೆ ಮಾತ್ರ ಮಾರಾಟ. ಅವರ ಪತ್ನಿ ವೈದ್ಯೆಯಾಗಿದ್ದುದರಿಂದ ಆಕೆಯ ಹೆಸರಿನಲ್ಲಿ ತರಿಸಿದರು. ದಿನಕ್ಕೆ ಐದಾರು ಬಾರಿ ಅಳೆದು, ಯಾವ ತಿನಿಸು ಎಷ್ಟು ಏರಿಸುವುದು, ಎಷ್ಟು ಇನ್ಸುಲಿನ್ ಎಷ್ಟು ಇಳಿಸುವುದು ಎಂದು ಬರೆದಿಟ್ಟರು. ಪಿಷ್ಟ ಹೆಚ್ಚಾದಷ್ಟೂ ಇನ್ಸುಲಿನ್ ಹೆಚ್ಚು ಬೇಕು, ಎರಡೂ ಹೆಚ್ಚಾದಷ್ಟೂ ಲೆಕ್ಕ ತಪ್ಪುವುದೂ ದೊಡ್ಡದಾಗಿಯೇ, ಎರಡನ್ನೂ ಸಣ್ಣದಾಗಿಟ್ಟರೆ ತಪ್ಪೂ ಸಣ್ಣದು: ಇದು ಅವರು ಕಂಡುಕೊಂಡ ಸಂಗತಿ. ವೈದ್ಯನಲ್ಲದವನ ಬರಹವನ್ನು ವೈದ್ಯಪತ್ರಿಕೆಗಳು ಅಚ್ಚು ಮಾಡಲಿಲ್ಲ. ಅದಕ್ಕಾಗಿ ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿ 1983ರಲ್ಲಿ ಪದವಿ ಪಡೆದರು! ಪರೀಕ್ಷೆ ಕಠಿನವೆಂದು ಗೊಣಗುವ ನಾವು ಈ ಅಧ್ಯಾಯವನ್ನು ಎರಡು ಸಲ ಓದಬೇಕು. ತೊಂಬತ್ತು ವರ್ಷ ಬಾಳಿ 2025ರಲ್ಲಿ ತೀರಿಕೊಂಡರು. ದಿನಕ್ಕೆ 30 ಗ್ರಾಂ ಪಿಷ್ಟ ಎಂಬ ಅವರ ನಿಯಮ ನನಗೆ ವ್ರತದಷ್ಟು ಕಠೋರವಾಗಿ ತೋರಿತು. ಅಳೆದು ನೋಡುವ ಅವರ ಕ್ರಮವನ್ನು ಮಾತ್ರ ಯಾರೂ ಅನುಸರಿಸಬಹುದು.

ಗ್ಯಾರಿ ಟೌಬ್ಸ್ ಎಂಬ ಪತ್ರಕರ್ತರ 'ಗುಡ್ ಕ್ಯಾಲೊರೀಸ್, ಬ್ಯಾಡ್ ಕ್ಯಾಲೊರೀಸ್' 2007ರಲ್ಲಿ ಹೊರಬಂದ ಭಾರಿ ಗಾತ್ರದ ಗ್ರಂಥ. ಬೊಜ್ಜಿಗೆ ಕಾರಣ ಪಿಷ್ಟವೇ ಹೊರತು ಕೊಬ್ಬಲ್ಲವೆಂದು ವಕೀಲರಂತೆ ವಾದಿಸುತ್ತಾರೆ. ವಕೀಲರ ವಾದವನ್ನು ಕೇಳಿದವರು ಎದುರು ಪಕ್ಷವನ್ನೂ ಕೇಳಬೇಕಷ್ಟೆ. ಅದಕ್ಕೆ 2018ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಬಂದ ಸ್ಟ್ಯಾನ್‌ಫರ್ಡಿನ ಪ್ರಯೋಗವನ್ನು ಓದಬೇಕು. 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ ಎಂದು ಒಂದು ವರ್ಷ ನಡೆಸಿದರು. ಸರಾಸರಿ ಇಳಿದ ತೂಕ ಮೊದಲನೆಯದರಲ್ಲಿ 5.3 ಕಿಲೋ, ಎರಡನೆಯದರಲ್ಲಿ 6 ಕಿಲೋ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದು ವ್ಯತ್ಯಾಸವೇ ಅಲ್ಲ. ಈ ಪ್ರಯೋಗಕ್ಕೆ ಹಣ ಒದಗಿಸಿದವರಲ್ಲಿ ಟೌಬ್ಸ್ ಅವರೇ ಸೇರಿ ಸ್ಥಾಪಿಸಿದ ಸಂಸ್ಥೆಯೂ ಒಂದು! ಎರಡೂ ಗುಂಪಿನವರು ಸಕ್ಕರೆಯನ್ನೂ ಮೈದಾವನ್ನೂ ಬಿಟ್ಟು ತರಕಾರಿ ಹೆಚ್ಚು ತಿನ್ನಬೇಕೆಂಬ ನಿಯಮವಿತ್ತೆಂಬುದನ್ನು ಮರೆಯಬಾರದು. ತೂಕದ ವಿಷಯ ಇದು. ಮಧುಮೇಹದ ಮಾತು ಬೇರೆ. ಅಮೆರಿಕದ ಮಧುಮೇಹ ಸಂಘವು 2019ರ ವರದಿಯಲ್ಲಿ ಪಿಷ್ಟ ಕಡಿಮೆಯ ಊಟವನ್ನು ಯೋಗ್ಯ ಮಾರ್ಗಗಳಲ್ಲಿ ಒಂದೆಂದು ಒಪ್ಪಿದೆ.

ಇಷ್ಟು ಓದಿದರೂ ನಮ್ಮ ತಟ್ಟೆಯ ಸುದ್ದಿ ಈ ಯಾವ ಪುಸ್ತಕದಲ್ಲಿಯೂ ಇಲ್ಲ. ಅದಿರುವುದು ಕಥೆಯೂ ಇಲ್ಲದ, ವಾದವೂ ಇಲ್ಲದ, ಬರಿಯ ಅಂಕಿಗಳ ಒಂದು ಗ್ರಂಥದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 1971ರಲ್ಲಿ ಹೊರತಂದ ಭಾರತೀಯ ಆಹಾರಗಳ ಪೋಷಕಾಂಶಗಳ ಪುಸ್ತಕವದು. 2017ರಲ್ಲಿ 528 ಆಹಾರಗಳನ್ನು ಹೊಸದಾಗಿ ಪರೀಕ್ಷಿಸಿ ಬೇರೆ ಕೋಷ್ಟಕವನ್ನೂ ಪ್ರಕಟಿಸಿದ್ದಾರೆ. ಅನ್ನ ಬಿಟ್ಟು ಮುದ್ದೆ ಉಂಡರೆ ಪಿಷ್ಟ ತಪ್ಪಿತೆಂದು ನಮ್ಮ ಕಡೆ ನಂಬಿದವರು ಬಹಳ. ಹಳೆಯ ಪುಸ್ತಕದ ಪ್ರಕಾರ ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಪಿಷ್ಟ, ರಾಗಿಯಲ್ಲಿ 72. ರಾಗಿಯಲ್ಲಿ ನಾರು, ಸುಣ್ಣ ಹೆಚ್ಚೆಂಬುದು ನಿಜ. ಮುದ್ದೆಯ ಗಾತ್ರ ಮಾತ್ರ ಕಿರಿದಾಗಲೇಬೇಕು. ಬರಿಯ ಪ್ರೋಟೀನೆಂದು ನಾವು ತಿಳಿದ ತೊಗರಿಬೇಳೆಯಲ್ಲಿಯೂ 57 ಗ್ರಾಂ ಮೀರಿ ಪಿಷ್ಟವಿದೆ. ಕಡಲೆಕಾಯಿ ಬೀಜದಲ್ಲಿ 26, ಹಸಿ ತೆಂಗಿನಕಾಯಿಯಲ್ಲಿ 13. ಸೊಪ್ಪುಗಳಲ್ಲಿ ಬಹಳ ಕಡಿಮೆ. ಧಾನ್ಯದ ಈ ಅಂಕಿಗಳೆಲ್ಲ ಬೇಯಿಸದ ಧಾನ್ಯದ್ದು. ಬೆಂದ ಅನ್ನ ನೀರು ಕುಡಿದು ಎರಡು ಮೂರು ಪಟ್ಟು ತೂಗುವುದರಿಂದ, ತೂಗುವವರು ಅಕ್ಕಿಯನ್ನು ತೊಳೆಯುವ ಮೊದಲೇ ತೂಗಿಡಬೇಕು.