ಬೆಳ್ಳಿತೆರೆಯ ಜಿಂಕೆಮರಿ

ಕಾಲದ ಒರೆಗಲ್ಲಿನ ಮೇಲೆ ಬಣ್ಣಗೆಡದೆ ಉಳಿಯುವ ಕೃತಿಗಳು ವಿರಳ. ಅವುಗಳಲ್ಲಿಯೂ ಚಲನಚಿತ್ರಗಳ ಆಯುಷ್ಯ ಬಹಳ ಚಿಕ್ಕದು. ಬಂದ ಹೊಸತರಲ್ಲಿ ಜನಮನವನ್ನು ಸೂರೆಗೊಂಡ ಎಷ್ಟೋ ಚಿತ್ರಗಳು ಹತ್ತು ವರ್ಷ ಕಳೆಯುವುದರೊಳಗೆ ಹೆಸರೂ ಉಳಿಯದಂತೆ ಮರೆಯಾಗುತ್ತವೆ. ಆದರೆ 1942ರಲ್ಲಿ ತೆರೆಯನ್ನು ಕಂಡ 'ಬ್ಯಾಂಬಿ' ಎಂಬ ಚಿತ್ರದ ಮಾತು ಬೇರೆ. ಅಮೆರಿಕದ ವಾಲ್ಟ್ ಡಿಸ್ನಿಯ ಸಂಸ್ಥೆಯಲ್ಲಿ ರೂಪುಗೊಂಡ ಈ ಚಿತ್ರವನ್ನು ಅಂದು ಕಂಡ ಮಕ್ಕಳ ಮೊಮ್ಮಕ್ಕಳೂ ಅದೇ ಕುತೂಹಲದಿಂದ ನೋಡಿದ್ದಾರೆ; ಅದೇ ಎಡೆಯಲ್ಲಿ ಕಣ್ಣೀರು ಮಿಡಿದಿದ್ದಾರೆ.

ಈ ಚಿತ್ರದಲ್ಲಿ ತೆರೆಯ ಮೇಲೆ ಕಾಣುವ ನಟನಟಿಯರಿಲ್ಲ. ಎಲ್ಲವೂ ಕೈಯಿಂದ ಬರೆದ ಚಿತ್ರಗಳು. ಕಥೆಯೂ ಸರಳವಾದುದು. ಕಾಡಿನ ಪೊದೆಯೊಂದರಲ್ಲಿ ಜಿಂಕೆಮರಿಯೊಂದು ಹುಟ್ಟುತ್ತದೆ. ನಡುಗುವ ಕಾಲುಗಳ ಮೇಲೆ ನಿಲ್ಲಲು ಕಲಿಯುತ್ತದೆ. ನೆಲವನ್ನು ಕಾಲಿನಿಂದ ಬಡಿಯುವ ತುಂಟ ಮೊಲದ ಮರಿ ಅದಕ್ಕೆ ಮಾತು ಕಲಿಸುತ್ತದೆ. ಮಳೆ ಬರುತ್ತದೆ, ಎಲೆ ಉದುರುತ್ತದೆ, ಹಿಮ ಬೀಳುತ್ತದೆ. ಚಳಿಗಾಲದ ಹಸಿವಿನ ಕೊನೆಯಲ್ಲಿ ತಾಯಿ ಬೇಟೆಗಾರನ ಗುಂಡಿಗೆ ಬಲಿಯಾಗುತ್ತಾಳೆ. ಮರಿ ತಂದೆಯ ಆಸರೆಯಲ್ಲಿ ಬೆಳೆಯುತ್ತದೆ, ಕಾಳ್ಗಿಚ್ಚಿನಿಂದ ಪಾರಾಗುತ್ತದೆ, ಕಡೆಗೆ ತಾನೇ ಎರಡು ಮರಿಗಳಿಗೆ ತಂದೆಯಾಗಿ ಕಾಡನ್ನು ಕಾಯುತ್ತ ನಿಲ್ಲುತ್ತದೆ. ಇಷ್ಟೇ ಕಥೆ. ಇಷ್ಟು ಚಿಕ್ಕ ಕಥೆ ಇಷ್ಟು ದೀರ್ಘಕಾಲ ಬಾಳಿದುದು ಹೇಗೆ ಎಂಬುದೇ ವಿಚಾರಿಸಬೇಕಾದ ವಿಷಯ.

ಚಿತ್ರಕ್ಕೆ ಮೂಲವಾದುದು ಒಂದು ಕಾದಂಬರಿ. ಆಸ್ಟ್ರಿಯ ದೇಶದ ವಿಯೆನ್ನಾ ನಗರದಲ್ಲಿ ನೆಲೆಸಿದ್ದ ಫೆಲಿಕ್ಸ್ ಸಾಲ್ಟನ್ ಎಂಬ ಲೇಖಕನು ಜರ್ಮನ್ ಭಾಷೆಯಲ್ಲಿ ಬರೆದ 'ಬ್ಯಾಂಬಿ' 1923ರಲ್ಲಿ ಪುಸ್ತಕವಾಗಿ ಹೊರಬಂದಿತು. ಸಾಲ್ಟನ್ ಸ್ವತಃ ಬೇಟೆಯನ್ನು ಬಲ್ಲವನು. ಆದುದರಿಂದ ಬೇಟೆಗೆ ಗುರಿಯಾದ ಪ್ರಾಣಿಯ ದಿಗಿಲನ್ನೂ ಬಲ್ಲವನಾಗಿದ್ದನು. ಅವನು ಯೆಹೂದಿಯಾಗಿದ್ದನೆಂಬ ಕಾರಣದಿಂದ ಹಿಟ್ಲರನ ಜರ್ಮನಿಯು 1936ರಲ್ಲಿ ಅವನ ಪುಸ್ತಕಗಳಿಗೆ ನಿಷೇಧ ಹಾಕಿತು. 1938ರಲ್ಲಿ ಆಸ್ಟ್ರಿಯವೂ ಹಿಟ್ಲರನ ವಶವಾದ ಮೇಲೆ ಅವನು ಸ್ವಿಟ್ಜರ್ಲೆಂಡಿಗೆ ವಲಸೆ ಹೋದನು. 1945ರಲ್ಲಿ ಅಲ್ಲಿಯ ಜೂರಿಕ್ ನಗರದಲ್ಲಿ ತೀರಿಕೊಂಡನು. ಅಪಾಯದ ಸುಳಿವು ಕಂಡು ನೆಲೆ ಬಿಟ್ಟು ಓಡುವ ಪ್ರಾಣಿಗಳ ಕಥೆಯನ್ನು ಬರೆದವನೇ ಮುಪ್ಪಿನಲ್ಲಿ ತನ್ನ ನೆಲೆಯನ್ನು ಬಿಡಬೇಕಾಯಿತು.

ಮಾತನಾಡುವ ಪ್ರಾಣಿಗಳು ಕನ್ನಡಿಗರಿಗೆ ಹೊಸಬರಲ್ಲ. ದುರ್ಗಸಿಂಹನು ಸಾವಿರ ವರ್ಷಗಳಷ್ಟು ಹಿಂದೆಯೇ ಪಂಚತಂತ್ರದ ಸಿಂಹವನ್ನೂ ನರಿಗಳನ್ನೂ ಕನ್ನಡದಲ್ಲಿ ಮಾತನಾಡಿಸಿದನು. ಆದರೆ ಆ ಪ್ರಾಣಿಗಳು ವೇಷ ಬದಲಿಸಿದ ಮನುಷ್ಯರು; ರಾಜನೀತಿಯನ್ನು ಕಲಿಸಲು ಬಂದ ಪಾತ್ರಗಳು. ಬ್ಯಾಂಬಿಯ ಉದ್ದೇಶ ಅದಲ್ಲ. ಅದು ಮನುಷ್ಯನನ್ನು ಪ್ರಾಣಿಯ ಕಣ್ಣಿನಿಂದ ನೋಡುತ್ತದೆ. ಅದಕ್ಕಾಗಿ ಜಿಂಕೆ ಜಿಂಕೆಯಾಗಿಯೇ ಕಾಣುವುದು ಅಗತ್ಯವಾಗಿತ್ತು.

ಇದು ಸುಲಭದ ಕೆಲಸವಾಗಿರಲಿಲ್ಲ. ಡಿಸ್ನಿಯ ಕಲಾವಿದರು ಅದುವರೆಗೆ ಬರೆದಿದ್ದ ಪ್ರಾಣಿಗಳು ಬಹುಮಟ್ಟಿಗೆ ನಗೆಚಿತ್ರದ ಬೊಂಬೆಗಳು. ನಿಜವಾದ ಜಿಂಕೆಯ ಎಲುಬಿನ ಕಟ್ಟು, ಸ್ನಾಯುಗಳ ಸೆಳೆತ, ಕುತ್ತಿಗೆಯ ತಿರುವು ಇವನ್ನು ಅವರು ಹೊಸದಾಗಿ ಕಲಿಯಬೇಕಾಯಿತು. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯದಿಂದ ಎರಡು ಜೀವಂತ ಜಿಂಕೆಮರಿಗಳನ್ನು ಕ್ಯಾಲಿಫೋರ್ನಿಯಕ್ಕೆ ತರಿಸಲಾಯಿತು. ಅವು ದಿನದಿನಕ್ಕೆ ಬೆಳೆಯುವುದನ್ನು ಕಲಾವಿದರು ಎದುರಿನಲ್ಲಿಯೇ ಕುಳಿತು ಬರೆದುಕೊಂಡರು. ರಿಕೊ ಲೆಬ್ರನ್ ಎಂಬ ಚಿತ್ರಕಾರನು ಪ್ರಾಣಿಗಳ ಅಂಗರಚನೆಯನ್ನು ಕುರಿತು ಅವರಿಗೆ ಪಾಠ ಹೇಳಿದನು. ಹೆಸರಾಂತ ಕಲಾವಿದರು ಹೀಗೆ ಮತ್ತೆ ವಿದ್ಯಾರ್ಥಿಗಳಾದುದು ಈ ಚಿತ್ರದ ಯಶಸ್ಸಿನ ಮೊದಲ ಗುಟ್ಟು.

ಚಿತ್ರಗಳು ಚಲಿಸುವಂತೆ ಕಾಣುವುದು ಕಣ್ಣಿನ ಒಂದು ಭ್ರಮೆಯಿಂದ. ಒಂದಕ್ಕಿಂತ ಒಂದು ತುಸುವೇ ಬೇರೆಯಾದ ಬಿಂಬಗಳು ಬೇಗಬೇಗನೆ ಎದುರಿಗೆ ಬಂದಾಗ ಅವು ಬಿಡಿಬಿಡಿಯಾಗಿ ತೋರದೆ ಒಂದೇ ಚಲನೆಯಾಗಿ ತೋರುತ್ತವೆ. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಬಿಂಬಗಳು ಹಾದುಹೋಗುತ್ತವೆ. ಬ್ಯಾಂಬಿಯ ಅವಧಿ 70 ನಿಮಿಷ. ಎಂದರೆ ಲೆಕ್ಕಕ್ಕೆ ಒಂದು ಲಕ್ಷ ಬಿಂಬಗಳು. ಪ್ರಾಣಿಗಳ ಆಕಾರಗಳನ್ನು ಪಾರದರ್ಶಕ ಹಾಳೆಗಳ ಮೇಲೆ ಬರೆದು, ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು, ಒಂದೊಂದಾಗಿ ಛಾಯಾಚಿತ್ರ ತೆಗೆಯುತ್ತಿದ್ದರು. ಕಾಡಿನ ಆಳವನ್ನು ತೋರಿಸಲು ಇನ್ನೊಂದು ಉಪಾಯವಿತ್ತು. ಹತ್ತಿರದ ಕೊಂಬೆ, ನಡುವಣ ಮರ, ದೂರದ ಬೆಟ್ಟ ಇವನ್ನು ಬೇರೆಬೇರೆ ಗಾಜಿನ ಹಲಗೆಗಳ ಮೇಲೆ ಬರೆದು ಒಂದರ ಕೆಳಗೊಂದರಂತೆ ಅಂತರವಿಟ್ಟು ಜೋಡಿಸುತ್ತಿದ್ದರು. ಮೇಲಿನಿಂದ ಕ್ಯಾಮೆರಾ ನೋಡುತ್ತಿದ್ದಂತೆ ಹತ್ತಿರದ ಹಲಗೆಯನ್ನು ಹೆಚ್ಚಾಗಿ, ದೂರದ ಹಲಗೆಯನ್ನು ಕಡಿಮೆಯಾಗಿ ಸರಿಸುತ್ತಿದ್ದರು. ರೈಲಿನ ಕಿಟಕಿಯಲ್ಲಿ ಹತ್ತಿರದ ಕಂಬಗಳು ಓಡಿಹೋಗಿ ದೂರದ ಗುಡ್ಡ ಮೆಲ್ಲನೆ ಸರಿಯುವಂತೆಯೇ ಇದು.

ಆದರೂ ಒಂದು ತೊಡಕು ಉಳಿದಿತ್ತು. ಒಂದೊಂದು ಎಲೆಯನ್ನೂ ಬಿಡದೆ ಬರೆದ ಕಾಡಿನಲ್ಲಿ ಜಿಂಕೆಯೇ ಕಾಣದಂತಾಗುತ್ತಿತ್ತು. ಈ ತೊಡಕನ್ನು ಬಿಡಿಸಿದವನು ಟೈರಸ್ ವಾಂಗ್. ಚೀನಾದಲ್ಲಿ 1910ರಲ್ಲಿ ಹುಟ್ಟಿದ ಈತನು ಎಳೆಯ ವಯಸ್ಸಿನಲ್ಲಿ ತಂದೆಯೊಡನೆ ಹಡಗು ಹತ್ತಿ ಅಮೆರಿಕಕ್ಕೆ ಬಂದನು. ಊರಿನಲ್ಲಿ ಉಳಿದ ತಾಯಿಯನ್ನು ಮತ್ತೆ ಕಾಣುವ ಭಾಗ್ಯ ಅವನಿಗೆ ಒದಗಲಿಲ್ಲ. ಶಾಯಿಗೆ ಹಣವಿಲ್ಲದ ಬಡತನದಲ್ಲಿ ತಂದೆ ಮಗನಿಗೆ ಕುಂಚವನ್ನು ನೀರಿನಲ್ಲಿ ಅದ್ದಿಸಿ ಹಳೆಯ ಪತ್ರಿಕೆಗಳ ಮೇಲೆ ಬರೆಯಿಸಿ ಅಭ್ಯಾಸ ಮಾಡಿಸಿದನು. ವಾಂಗ್ 1938ರಲ್ಲಿ ಡಿಸ್ನಿಯ ಸಂಸ್ಥೆಯಲ್ಲಿ ಕೆಳಗಿನ ದರ್ಜೆಯ ನೌಕರನಾಗಿ ಸೇರಿದನು. ಇತರರು ಬರೆದ ಎರಡು ಭಂಗಿಗಳ ನಡುವಣ ಚಿತ್ರಗಳನ್ನು ತುಂಬುವುದು ಅವನ ಕೆಲಸ. ಬ್ಯಾಂಬಿಯ ಸಿದ್ಧತೆ ನಡೆದಿರುವುದನ್ನು ತಿಳಿದು, ತಾನಾಗಿಯೇ ಕೆಲವು ಚಿಕ್ಕ ವರ್ಣಚಿತ್ರಗಳನ್ನು ಬರೆದು ತೋರಿಸಿದನು. ಸುಂಗ್ ರಾಜವಂಶದ ಕಾಲದ ಚೀನೀ ಚಿತ್ರಗಳಲ್ಲಿರುವಂತೆ ಅವುಗಳಲ್ಲಿ ಮಂಜು, ನೆರಳು, ಒಂದೆರಡು ಮರದ ಬೊಡ್ಡೆ, ನಡುವೆ ಒಂದು ಪುಟ್ಟ ಜಿಂಕೆ ಇಷ್ಟೇ ಇದ್ದವು. ಎಲೆಗಳನ್ನು ಎಣಿಸುವ ಹಾಗಿರಲಿಲ್ಲ. ಕಾಡಿನ ತಂಪು ಮಾತ್ರ ಮನಸ್ಸಿಗೆ ತಟ್ಟುತ್ತಿತ್ತು. ಡಿಸ್ನಿ ಅವನ್ನು ಮೆಚ್ಚಿದನು. ಇಡೀ ಚಿತ್ರದ ವರ್ಣವಿನ್ಯಾಸಕ್ಕೆ ಆ ಪುಟ್ಟ ಹಾಳೆಗಳೇ ಮಾದರಿಯಾದವು.

ವಾಂಗನ ಕುಂಚದ ಈ ಸಂಯಮವೇ ಕಥೆ ಹೇಳುವ ರೀತಿಯಲ್ಲಿಯೂ ಇದೆ. ಪಾತ್ರಗಳ ಮಾತು ಬಹಳ ಕಡಿಮೆ. ಎಷ್ಟೋ ಸಂಗತಿಗಳನ್ನು ಸಂಗೀತವೇ ತಿಳಿಸುತ್ತದೆ. ತಾಯಿಯ ಸಾವಿನ ದೃಶ್ಯವನ್ನು ನೋಡಬೇಕು. ಹಿಮ ಕರಗಿ ಹೊಸ ಹುಲ್ಲು ಇಣುಕಿದೆ. ತಾಯಿ ಮಗು ಮೇಯುತ್ತಿರುವಾಗ ತಾಯಿ ತಟ್ಟನೆ ತಲೆಯೆತ್ತುತ್ತಾಳೆ. ಓಡೆಂದು ಮಗನನ್ನು ಮುಂದೆ ಕಳಿಸುತ್ತಾಳೆ. ಗುಂಡಿನ ಸದ್ದು ಕೇಳುತ್ತದೆ. ರಕ್ತವಿಲ್ಲ, ಬಿದ್ದ ದೇಹವಿಲ್ಲ. ಸುರಿಯುವ ಹಿಮದಲ್ಲಿ ತಾಯಿಯನ್ನು ಕರೆಯುತ್ತ ಅಲೆಯುವ ಮರಿಯೊಂದೇ ಕಾಣುತ್ತದೆ. ನೋಡುವವರು ಆ ಮೌನವನ್ನು ತಮ್ಮ ಮನಸ್ಸಿನಿಂದಲೇ ತುಂಬಿಕೊಳ್ಳಬೇಕು. ತಾಯಿ ಕಣ್ಮರೆಯಾದರೆ ಗತಿಯೇನೆಂಬುದು ಎಲ್ಲ ದೇಶದ ಎಲ್ಲ ಮಕ್ಕಳ ಮೊದಲ ಭಯ. ಆ ಭಯವನ್ನು ಚಿತ್ರ ಮರೆಮಾಚುವುದಿಲ್ಲ. ಅದನ್ನು ಕೆದಕಿ ಆಟವಾಡುವುದೂ ಇಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ವಸಂತ ಬರುತ್ತದೆ. ದುಃಖ ಸುಳ್ಳಲ್ಲ, ಆದರೆ ದುಃಖವೇ ಕೊನೆಯಲ್ಲ ಎಂಬುದನ್ನು ಋತುಚಕ್ರವೇ ಹೇಳುತ್ತದೆ.

ಅದೇ ರೀತಿಯಲ್ಲಿ ಮನುಷ್ಯನೂ ಈ ಚಿತ್ರದಲ್ಲಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಅವನ ಬಂದೂಕಿನ ಸದ್ದು ಕೇಳುತ್ತದೆ. ಅವನ ನಾಯಿಗಳು ಬರುತ್ತವೆ. ಅವನು ನಂದಿಸದೆ ಬಿಟ್ಟ ಬೆಂಕಿ ಕಾಡನ್ನೆಲ್ಲ ಸುಡುತ್ತದೆ. ಅವನ ಮುಖ ಮಾತ್ರ ಇಲ್ಲ. ಮುಖ ಕಂಡಿದ್ದರೆ ಅವನು ಯಾರೋ ಒಬ್ಬ ದುಷ್ಟನೆಂದು ನೋಡುವವರು ಸಮಾಧಾನಗೊಳ್ಳಬಹುದಾಗಿತ್ತು. ಮುಖವಿಲ್ಲದ್ದರಿಂದ ಅವನು ಯಾರೂ ಆಗಬಹುದು; ನೋಡುತ್ತಿರುವವರೇ ಆಗಬಹುದು.

ಇದು ಎಲ್ಲರಿಗೂ ಹಿಡಿಸಲಿಲ್ಲ. ಬೇಟೆಗೆ ಮೀಸಲಾದ ಪತ್ರಿಕೆಯೊಂದರ ಸಂಪಾದಕನು ಇದು ಬೇಟೆಗಾರರಿಗೆ ಆದ ಅಪಮಾನವೆಂದು 1942ರಲ್ಲಿಯೇ ದೂರಿದನು. ಚಿತ್ರದ ಕಾಡು ಪೂರ್ತಿ ನಿಜವಲ್ಲವೆಂಬುದನ್ನೂ ಒಪ್ಪಬೇಕು. ಅಲ್ಲಿ ಗೂಬೆಯು ಮೊಲಕ್ಕೆ ಹಿರಿಯಣ್ಣ. ನಿಜವಾದ ಕಾಡಿನಲ್ಲಿ ಮೊಲವು ಗೂಬೆಗೆ ಆಹಾರ. ತೋಳಗಳನ್ನು ಕೊಂದು ಮುಗಿಸಿದ ಕಡೆಗಳಲ್ಲಿ ಜಿಂಕೆಗಳು ಮಿತಿಮೀರಿ ಬೆಳೆದು ಎಳೆಯ ಸಸಿಗಳನ್ನೆಲ್ಲ ಮೇದು ಕಾಡನ್ನೇ ಸೊರಗಿಸುವುದುಂಟು. ಆದುದರಿಂದ ಬ್ಯಾಂಬಿಯನ್ನು ಜೀವಶಾಸ್ತ್ರದ ಪಾಠವೆಂದು ತಿಳಿಯಬಾರದು. ಅದು ಕಲಿಸುವುದು ಅನುಕಂಪವನ್ನು. ಆ ಕಲಿಕೆಯೂ ವ್ಯರ್ಥವಾಗಲಿಲ್ಲ. ಕಾಳ್ಗಿಚ್ಚನ್ನು ತಡೆಯಿರೆಂದು ಜನರಿಗೆ ತಿಳಿಹೇಳಲು ಅಮೆರಿಕದಲ್ಲಿ 1944ರಲ್ಲಿ ಹೊರಡಿಸಿದ ಭಿತ್ತಿಪತ್ರದಲ್ಲಿ ಬ್ಯಾಂಬಿಯ ಚಿತ್ರವಿತ್ತು. ಅದನ್ನು ಬಳಸಲು ದೊರೆತ ಅನುಮತಿ ಒಂದು ವರ್ಷಕ್ಕೆ ಮಾತ್ರ ಸೀಮಿತವಾದುದರಿಂದ ಆ ಕೆಲಸವು ಮುಂದೆ 'ಸ್ಮೋಕಿ' ಎಂಬ ಕರಡಿಯ ಪಾಲಿಗೆ ಬಂದಿತು.

ಚಿತ್ರ ಬಿಡುಗಡೆಯಾದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಯುರೋಪಿನ ಮಾರುಕಟ್ಟೆ ಮುಚ್ಚಿತ್ತು. ಹಾಕಿದ ಹಣ ಮೊದಲ ಪ್ರದರ್ಶನಗಳಲ್ಲಿ ಹಿಂದಿರುಗಲಿಲ್ಲ. 1947ರಲ್ಲಿ ಮತ್ತೆ ತೆರೆಗೆ ತಂದಾಗ ಜನ ಕೈಹಿಡಿದರು. ಅನಂತರ ತಲೆಮಾರಿನಿಂದ ತಲೆಮಾರಿಗೆ ಅದು ಸಾಗಿಬಂದಿತು. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ವಾಂಗನಿಗೆ ಮನ್ನಣೆ ದೊರೆತುದು ಇನ್ನೂ ನಿಧಾನವಾಗಿ. 1941ರಲ್ಲಿ ಸಂಸ್ಥೆಯ ಕಲಾವಿದರು ಮುಷ್ಕರ ಹೂಡಿದರು. ಅದು ಮುಗಿದ ಮೇಲೆ, ಚಿತ್ರ ತೆರೆಯನ್ನು ಕಾಣುವ ಮೊದಲೇ, ಅವನು ಕೆಲಸವನ್ನು ಕಳೆದುಕೊಂಡನು. ಚಿತ್ರದ ಆರಂಭದ ಹೆಸರುಗಳಲ್ಲಿ ಅವನು ಹಿನ್ನೆಲೆ ಬರೆದ ಹಲವರಲ್ಲಿ ಒಬ್ಬ, ಅಷ್ಟೆ. ಆರು ದಶಕಗಳ ಬಳಿಕ, 2001ರಲ್ಲಿ, ಡಿಸ್ನಿ ಸಂಸ್ಥೆಯೇ ಅವನನ್ನು ಕರೆದು ಗೌರವಿಸಿತು. 2016ರಲ್ಲಿ ಅವನು ತೀರಿಕೊಂಡಾಗ ಅವನ ವಯಸ್ಸು 106.

ಕಾಣಿಸಿದ್ದಕ್ಕಿಂತ ಕಾಣಿಸದೆ ಬಿಟ್ಟದ್ದರಿಂದಲೇ ಬ್ಯಾಂಬಿ ಬಾಳಿತು. ಎಲೆಗಳನ್ನು ಬಿಟ್ಟು ಕಾಡನ್ನು, ಶವವನ್ನು ಬಿಟ್ಟು ಸಾವನ್ನು, ಮುಖವನ್ನು ಬಿಟ್ಟು ಮನುಷ್ಯನನ್ನು ಅದು ತೋರಿಸಿತು. ಬಿಟ್ಟ ಆ ಜಾಗದಲ್ಲಿ ಪ್ರತಿಯೊಂದು ತಲೆಮಾರೂ ತನ್ನ ಅಕ್ಕರೆಯನ್ನೂ ಅಳಲನ್ನೂ ಇರಿಸಿಕೊಂಡಿತು. ತಾಯಿಯಿಂದ ಅಗಲಿದ ಒಬ್ಬ ಬಡ ಬಾಲಕ ನೀರಿನಲ್ಲಿ ಕುಂಚವನ್ನು ಅದ್ದಿ ಕಲಿತ ವಿದ್ಯೆ, ತಾಯಿಯನ್ನು ಕಳೆದುಕೊಂಡ ಒಂದು ಜಿಂಕೆಮರಿಗೆ ಎಂದೂ ಅಳಿಯದ ಕಾಡನ್ನು ಕಟ್ಟಿಕೊಟ್ಟಿತು.