ತೆರೆಯ ಮೇಲಿನ ಕಾಲೇಜು, ಬೆಳಗಾವಿಯ ವಿದ್ಯಾರ್ಥಿ

ಕನ್ನಡ ಚಲನಚಿತ್ರದಲ್ಲಿ ಕಾಲೇಜು ಎಂಬುದು ಬಹುಕಾಲ ನಾಯಕ ನಾಯಕಿಯರ ಭೇಟಿಗೆ ಒದಗಿಬಂದ ಅಂಗಳವಾಗಿತ್ತು. ಅಲ್ಲಿ ಶುಲ್ಕ ಕಟ್ಟಲು ಕೊನೆಯ ದಿನಾಂಕವಿರಲಿಲ್ಲ, ಬಾಡಿಗೆ ಕೋಣೆಯಿರಲಿಲ್ಲ, ಹಾಜರಾತಿ ಸಾಲದೆ ಪರೀಕ್ಷೆ ಕಳೆದುಕೊಂಡ ಹುಡುಗನೂ ಇರಲಿಲ್ಲ. ಪಾತ್ರವೊಂದನ್ನು ಅದರ ಮನೆ, ಹಣಕಾಸು, ಜಾತಿ, ಭಾಷೆ ಮತ್ತು ಸಂಸ್ಥೆಗಳ ಒತ್ತಡದ ನಡುವೆಯೇ ಇಟ್ಟು ತೋರಿಸುವ ಕ್ರಮಕ್ಕೆ ವಾಸ್ತವಿಕ ಚಿತ್ರಣ ಎನ್ನುವುದಾದರೆ, ಕನ್ನಡದ ವಿದ್ಯಾರ್ಥಿಯನ್ನು ಆ ಕ್ರಮದಲ್ಲಿ ನೋಡಿದ ಚಿತ್ರಗಳು ಬೆರಳೆಣಿಕೆಯಷ್ಟು ಮಾತ್ರ.

ಅಚ್ಚರಿಯೆಂದರೆ, ಆರಂಭ ಚೆನ್ನಾಗಿಯೇ ಇತ್ತು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ನಿರ್ದೇಶಿಸಿದ 'ನಾಗರಹಾವು' ಚಿತ್ರದ ರಾಮಾಚಾರಿ ಕಾಲೇಜು ವಿದ್ಯಾರ್ಥಿ; ಅವನಿಗೊಂದು ಊರಿದೆ, ಮಡಿವಂತ ಮನೆಯಿದೆ, ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ ಚಾಮಯ್ಯ ಮೇಷ್ಟ್ರ ಮಾತಿಗೆ ಮಾತ್ರ ಬಗ್ಗುವ ಸ್ವಭಾವವಿದೆ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಅವಮಾನವು ಪ್ರಾಂಶುಪಾಲರನ್ನು ಕಂಬಕ್ಕೆ ಕಟ್ಟುವ ಸಿಟ್ಟಾಗಿ ತಿರುಗುವುದನ್ನು ಚಿತ್ರವು ಚಿತ್ರದುರ್ಗದ ಕೋಟೆ ಕೊತ್ತಲಗಳ ನಡುವೆ ತೋರಿಸುತ್ತದೆಯಾದ್ದರಿಂದ, ಆ ಸಿಟ್ಟು ಎಲ್ಲಿ ಹುಟ್ಟಿತೆಂದು ನೋಡುಗರಿಗೆ ತಿಳಿಯುತ್ತದೆ. ಹದಿನೈದು ವರ್ಷಗಳ ನಂತರ, 1987ರಲ್ಲಿ, ರವಿಚಂದ್ರನ್ ಅವರ 'ಪ್ರೇಮಲೋಕ' ಹಂಸಲೇಖರ ಸಂಗೀತದ ಬಲದಿಂದ ಅಪಾರ ಯಶಸ್ಸು ಕಂಡ ಮೇಲೆ ಕಾಲೇಜು ಹಾಡುಗಳ ವೇದಿಕೆಯಾಯಿತು, ಊರು ಹಿನ್ನೆಲೆಗೆ ಸರಿಯಿತು.

ಊರಿನ ಬದಲು ಸಂಸ್ಥೆಯಾದರೂ ಮತ್ತೆ ತೆರೆಗೆ ಬಂದದ್ದು 2016ರ ಕೊನೆಯಲ್ಲಿ ಬಿಡುಗಡೆಯಾದ 'ಕಿರಿಕ್ ಪಾರ್ಟಿ'ಯಿಂದ. ರಿಷಬ್ ಶೆಟ್ಟಿ ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರದ ಹಾಸ್ಟೆಲ್ ದೃಶ್ಯಗಳು, ಅಂದರೆ ಹಿರಿಯ ವಿದ್ಯಾರ್ಥಿಗಳ ದರ್ಪ, ಮೆಕ್ಯಾನಿಕಲ್ ವಿಭಾಗದ ಹುಡುಗರ ಗುಂಪುಗಾರಿಕೆ, ಕೂಡಿಸಿದ ಹಣದಲ್ಲಿ ಕೊಂಡ ಹಳೆಯ ಕಾರು, ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಚಿತ್ರೀಕರಣಗೊಂಡು ನಿಜದ ವಾಸನೆ ಪಡೆದಿವೆ. ಆದರೆ ಕಥೆ ಮುಂದುವರಿದಂತೆ ಹುಡುಗ ಮತ್ತೆ ನಾಯಕನಾಗಿ ಬೆಳೆಯುತ್ತಾನೆ, ಓದು ಬದಿಗೆ ನಿಲ್ಲುತ್ತದೆ. ಹೀಗೆ ಬದಿಗೆ ನಿಂತ ಓದಿನ ಒತ್ತಡವೇನೂ ಸಣ್ಣದಲ್ಲ. ಕರ್ನಾಟಕದ ಬಹುತೇಕ ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಬೀದರಿನ ಹುಡುಗನಿಗೂ ಚಾಮರಾಜನಗರದ ಹುಡುಗಿಗೂ ಫಲಿತಾಂಶ ಬರುವುದು ಇಲ್ಲಿಂದಲೇ. ಶೇ. 85ರ ಹಾಜರಾತಿ ನಿಯಮ, ಬಾಕಿ ಉಳಿದ ವಿಷಯವೆಂಬ ಅರ್ಥದ 'ಬ್ಯಾಕ್', ಹಿಂದಿನ ಪಠ್ಯಕ್ರಮಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ವಿಷಯ ಬಾಕಿಯಿದ್ದವರನ್ನು ಮುಂದಿನ ವರ್ಷಕ್ಕೆ ಬಿಡದೆ ತಡೆಯುತ್ತಿದ್ದ 'ಇಯರ್ ಬ್ಯಾಕ್', ಇವು ಲಕ್ಷಾಂತರ ಮನೆಗಳ ನಿದ್ದೆ ಕೆಡಿಸಿದ ಸಂಗತಿಗಳು. ಒಂದು ವರ್ಷ ಹಿಂದುಳಿದ ಮಗ ಅದನ್ನು ಅಪ್ಪನಿಗೆ ಹೇಗೆ ಹೇಳಿದ ಎಂಬುದಷ್ಟೇ ಒಂದು ಇಡೀ ಚಿತ್ರಕ್ಕೆ ಸಾಕಾಗುವಷ್ಟು ದೊಡ್ಡದು.

2023ರ 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ಹೊಸಬರನ್ನೇ ನೆಚ್ಚಿಕೊಂಡು ಒಂದೇ ರಾತ್ರಿಯ ಹಾಸ್ಟೆಲ್ ಗದ್ದಲವನ್ನು ಹುಡುಗರ ಜೊತೆಜೊತೆಗೇ ಓಡುವ ಕ್ಯಾಮೆರಾದಿಂದ ಹಿಡಿಯಿತು; ಮಾತಿನ ಧಾಟಿಯಲ್ಲಿ ಅದು ನಿಜ, ಕಥೆಯಲ್ಲಿ ಪ್ರಹಸನ.

ವಿದ್ಯಾರ್ಥಿಯನ್ನು ಸಂಸ್ಥೆಯ ಎದುರು ನಿಲ್ಲಿಸಿ ನೋಡುವ ವಿಷಯದಲ್ಲಿ ನೈಜೀರಿಯಾದ ಚಿತ್ರರಂಗವನ್ನು ಗಮನಿಸುವುದು ಉಪಯುಕ್ತ. ಕುನ್ಲೆ ಅಫೋಲಯನ್ ನಿರ್ದೇಶನದ 'ಸೈಟೇಷನ್' (2020) ಚಿತ್ರವು ಪ್ರಾಧ್ಯಾಪಕನ ಲೈಂಗಿಕ ಕಿರುಕುಳವನ್ನು ಎದುರಿಸಿ ನಿಲ್ಲುವ ಸ್ನಾತಕೋತ್ತರ ವಿದ್ಯಾರ್ಥಿನಿಯ ಕಥೆಯನ್ನು ವಿಚಾರಣಾ ಸಮಿತಿಯ ಮುಂದಿಟ್ಟು ಹೇಳುತ್ತದೆ. ಅದರ ಹಿಂದಿನ ವರ್ಷವಷ್ಟೇ ಬಿ.ಬಿ.ಸಿ. ಪ್ರಸಾರ ಮಾಡಿದ ತನಿಖಾ ವರದಿಯೊಂದು ಲಾಗೋಸ್ ಮತ್ತು ಘಾನಾ ವಿಶ್ವವಿದ್ಯಾಲಯಗಳಲ್ಲಿ ಇಂಥದ್ದೇ ಆರೋಪಗಳನ್ನು ಬಯಲಿಗೆ ತಂದಿತ್ತು. ವಿದ್ಯಾರ್ಥಿ ಮತ್ತು ಸಂಸ್ಥೆಯ ನಡುವಿನ ಅಧಿಕಾರದ ಅಂತರವೇ ಅಲ್ಲಿ ಕಥೆಯ ಬೆನ್ನೆಲುಬು. ಕನ್ನಡದಲ್ಲಿ ಇದಕ್ಕೆ ಹತ್ತಿರ ನಿಲ್ಲುವುದು ಮಂಸೋರೆ ಅವರ '19.20.21' (2023). 2012ರಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ತಂದೆಯೊಂದಿಗೆ ಬಂಧಿತನಾಗಿ 2021ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದ, ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯ ಪ್ರಕರಣದಿಂದ ಹೊಮ್ಮಿದ ಈ ಚಿತ್ರಕ್ಕೆ ಸಂವಿಧಾನದ ಮೂರು ವಿಧಿಗಳೇ ಶೀರ್ಷಿಕೆ. ಕಾಡಂಚಿನ ಮನೆಯಿಂದ ವಿಶ್ವವಿದ್ಯಾಲಯಕ್ಕೆ ಬಂದ ಮೊದಲ ತಲೆಮಾರಿನ ಹುಡುಗನಿಗೆ ಓದು ಎಷ್ಟು ದುಬಾರಿಯಾಗಬಲ್ಲದೆಂದು ಕನ್ನಡದಲ್ಲಿ ಇಷ್ಟು ಗಟ್ಟಿಯಾಗಿ ಹೇಳಿದ ಚಿತ್ರಗಳು ತೀರ ಕಡಿಮೆ.

ಬೆಳಗಾವಿಯ ವಿದ್ಯಾರ್ಥಿಯಾದರೋ ಇನ್ನೂ ತೆರೆಯ ಹೊರಗೇ ಉಳಿದಿದ್ದಾನೆ. ರಾಮತೀರ್ಥ ನಗರದಂಥ ಬಡಾವಣೆಗಳಲ್ಲಿ ಮೂರು ನಾಲ್ಕು ಮಂದಿ ಕೂಡಿ ರೂಮು ಮಾಡಿಕೊಂಡು, ಒಂದು ಹೊತ್ತು ಖಾನಾವಳಿಯಲ್ಲಿ ಉಂಡು, ಇನ್ನೊಂದು ಹೊತ್ತಿಗೆ ಊರಿನಿಂದ ಬರುವ ಬುತ್ತಿಗೆ ಕಾಯುವ ಬದುಕು ಇಲ್ಲಿನದು. ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆಯ ತಾಯಂದಿರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕಾಳುಪಲ್ಯಗಳನ್ನು ಡಬ್ಬಿಗೆ ತುಂಬಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ಮಗನ ಹೆಸರು ಬರೆದು, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು, ಅದು ಚಾಲಕನ ಪಕ್ಕದಲ್ಲಿ ಕೂತು ನಿಲ್ದಾಣ ತಲುಪುವುದು, ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ ಮರಳುವುದು ಈ ಭಾಗದಲ್ಲಿ ತಲೆಮಾರುಗಳಿಂದ ನಡೆದುಬಂದ ಏರ್ಪಾಡು. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ವಸತಿಗೆಂದು ತಿಂಗಳ ನೆರವು ನೀಡುವ ವಿದ್ಯಾಸಿರಿ ಯೋಜನೆಯ ಹಣ ತಡವಾದಾಗ ಈ ಗಂಟೇ ಆಧಾರ.

ಖಾನಾಪುರದ ಕಾಡಂಚಿನ ಹಳ್ಳಿಗಳಿಂದ ಬರುವ ಹುಡುಗಿಯರ ಸ್ಥಿತಿ ಬೇರೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಟಿಕೆಟ್ಟಿನ ಚಿಂತೆ ತಪ್ಪಿದರೂ ಊರಿಗೆ ಹೋಗುವ ಕಡೆಯ ಬಸ್ಸಿನ ವೇಳೆಯೇ ಅವರ ಗ್ರಂಥಾಲಯದ ವೇಳೆಯನ್ನು ನಿರ್ಧರಿಸುತ್ತದೆ. ಮನೆಯಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ, ಪಠ್ಯದಲ್ಲಿ ಇಂಗ್ಲಿಷ್ ಎಂಬ ಮೂರು ಭಾಷೆಗಳ ನಡುವೆ ಅವರು ದಿನವೂ ಓಡಾಡುತ್ತಾರೆ. ಅವರ ಮನೆಮಾತಾದ ಮರಾಠಿಯಲ್ಲೇ ಬಂದ, ನಾಗರಾಜ ಮಂಜುಳೆ ಅವರ ಚಿತ್ರ 'ಸೈರಾಟ್' (2016), ಪಾಠ ಮಾಡುತ್ತಿದ್ದ ದಲಿತ ಅಧ್ಯಾಪಕರ ಕೆನ್ನೆಗೆ ಊರ ಮುಖಂಡನ ಮಗ ಹೊಡೆಯುವ ಒಂದೇ ದೃಶ್ಯದಲ್ಲಿ, ಊರ ಜಾತಿವ್ಯವಸ್ಥೆ ಕಾಲೇಜಿನ ಗೇಟಿನ ಹೊರಗೆ ನಿಲ್ಲುವುದಿಲ್ಲವೆಂದು ತೋರಿಸಿತು. ಅದರ ಶಕ್ತಿಯೆಲ್ಲ ಸೊಲ್ಲಾಪುರ ಜಿಲ್ಲೆಯ ಮಣ್ಣು ಮತ್ತು ಆಡುಮಾತಿನಲ್ಲಿತ್ತು. ಮರುವರ್ಷ 'ಮನಸು ಮಲ್ಲಿಗೆ' ಹೆಸರಿನಲ್ಲಿ ಅದು ಕನ್ನಡಕ್ಕೆ ಬಂದಾಗ ನಾಯಕಿಯಾಗಿ ರಿಂಕು ರಾಜಗುರು ಅವರೇ ನಟಿಸಿದರೂ ಆ ನೆಲದ ಗುಣ ಅಷ್ಟಾಗಿ ಜೊತೆಗೆ ಬರಲಿಲ್ಲ. ಗಡಿಯ ಈಚೆಗೆ ಅದೇ ಬಗೆಯ ನೆಲವೂ ಮಾತೂ ಖಾನಾಪುರ, ಬೆಳಗಾವಿಗಳಲ್ಲಿ ಇದ್ದೇ ಇದ್ದು, ಉತ್ತರ ಕರ್ನಾಟಕದ ಕನ್ನಡವನ್ನು ಹಾಸ್ಯಪಾತ್ರಗಳಿಗಷ್ಟೇ ಮೀಸಲಿಟ್ಟ ಚಿತ್ರರಂಗವು ಅದೇ ಮಾತಿನಲ್ಲಿ ಪರೀಕ್ಷೆ, ಪ್ರೀತಿ, ಸಾಲಗಳ ಬಗ್ಗೆ ಗಂಭೀರವಾಗಿ ಮಾತಾಡುವ ವಿದ್ಯಾರ್ಥಿನಿಯೊಬ್ಬಳಿಗೆ ಕಥೆಯ ನಡುವಿನ ಜಾಗ ಕೊಡುವ ಕೆಲಸ ಬಾಕಿಯಿದೆ.